ನಳ್ಳಿ ಉಪಕಚೇರಿ ಗಣಕೀಕೃತಗೊಂಡ ಬಗೆ

ಮನೆ ನೀರಿನ ನಳ್ಳಿ ಸಂಪರ್ಕ ಉಪಕಚೇರಿಯು ೧೯೮೬ನೇ ಇಸವಿ ಜುಲೈ ಹದಿನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಸಂಪೂರ್ಣವಾಗಿ ಗಣಕೀಕೃತಗೊಂಡಿತು. ಆ ಹೊತ್ತಿಗೆ ಕಚೇರಿಯಲ್ಲಿ ಗಣಕಯಂತ್ರ ಇರಲಿಲ್ಲ. ಇಲ್ಲದೆ ಇದ್ದುದರಿಂದಲೇ ಕೆಲಸ ಇಷ್ಟು ಬೇಗ ಮುಗಿಯಿತು ಎಂದು ಆ ವರ್ಷದ ವಾರ್ಷಿಕ ವರದಿಯ ನಾಲ್ಕನೇ ಪುಟದಲ್ಲಿ ದಾಖಲಾಗಿದೆ.

ಇದಕ್ಕೆಲ್ಲ ಕಾರಣನಾದವನು ಅದೇ ಕಚೇರಿಯ ಗುಮಾಸ್ತ ಲೋಕನಾಥ ಆಳ್ವ. ಮಣ್ಣಗುಡ್ಡದಲ್ಲಿ ಅವನ ಮನೆ. ಒಂದು ಕಾಲದಲ್ಲಿ ಗದ್ದೆ ತೋಟ ಇದ್ದ ಕುಟುಂಬ. ಪಾಲಾಗುವಾಗ ಬಾವಿಯು ಗೋಡೆಯ ಆಚೆ ಬದಿಯ ದಾಯಾದಿಗಳಿಗೆ ಹೋಯಿತು, ಲೋಕನಾಥನ ತಾಯಿ ಜಲಜಾಕ್ಷಿಯವರಿಗೆ ಒಂದು ಕಂಚಿನ ದೀಪ, ಒಂದು ಚೆನ್ನೆಮಣೆ ಮತ್ತು ಕುಟುಂಬದ ಗತ್ತು ಬಂತು. ಗತ್ತು ಬಂದದ್ದರಿಂದ ಆಚೆ ಬದಿಯವರ ಬಾವಿಗೆ ಕೊಡಪಾನ ಇಳಿಸುವ ಹಾಗಿರಲಿಲ್ಲ. ಓಣಿ ದಾಟಿ, ಹದಿನೇಳು ಮೆಟ್ಟಿಲು ಇಳಿದು, ಕೆಳಗಿನ ಮನೆಯ ಡಾಲಿ ಬಾಯಿಯ ಬಾವಿಯಿಂದ ನೀರು ತರಬೇಕಿತ್ತು. ೧೯೭೪ರಲ್ಲಿ ಜಲಜಾಕ್ಷಿಯವರು ಒಂದು ನಳ್ಳಿ ಬೇಕೆಂದು ಉಪಕಚೇರಿಗೆ ಅರ್ಜಿ ಕೊಟ್ಟರು. ಎರಡು ವರ್ಷ ಕಾದರೂ ಉತ್ತರ ಬರಲಿಲ್ಲ. ಅರ್ಜಿ ಎಲ್ಲಿದೆ ಎಂದು ಹುಡುಕುವುದಕ್ಕಾಗಿಯೇ ಲೋಕನಾಥ ಪರೀಕ್ಷೆ ಬರೆದು ಅದೇ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಸೇರಿ ಹತ್ತು ವರ್ಷವಾದರೂ ಅರ್ಜಿ ಸಿಕ್ಕಿರಲಿಲ್ಲ.

ಹುಡುಕುವುದಕ್ಕೆ ಅಡ್ಡಿಯಾಗಿದ್ದದ್ದು ಕಚೇರಿಯ ಶಿಸ್ತು. ಅಲ್ಲಿ ಹದಿನಾಲ್ಕು ಕಬ್ಬಿಣದ ಕಪಾಟುಗಳಿದ್ದವು. ಅರ್ಜಿದಾರರ ಮನೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಕಪಾಟಿನಲ್ಲಿ ಅರ್ಜಿಯನ್ನು ಇಡತಕ್ಕದ್ದು ಎಂಬುದು ನಿಯಮ. ಸ್ಥಳ ತನಿಖೆಗೆ ಹೊರಟವರು ದಾರಿ ತಪ್ಪಬಾರದೆಂಬ ಸದುದ್ದೇಶ ಅದರ ಹಿಂದಿತ್ತು. ಕಚೇರಿ ಅತ್ತಾವರದಲ್ಲಿದ್ದಾಗ ಮಣ್ಣಗುಡ್ಡ ಉತ್ತರಕ್ಕಿತ್ತು. ಆಮೇಲೆ ಕಚೇರಿ ಉರ್ವಕ್ಕೆ ಹೋಯಿತು, ಮಣ್ಣಗುಡ್ಡ ದಕ್ಷಿಣಕ್ಕೆ ಬಂತು. ಅಲ್ಲಿಂದ ಬಂದರಿನ ಹತ್ತಿರಕ್ಕೆ, ಅಲ್ಲಿಂದ ಬಿಕರ್ನಕಟ್ಟೆಗೆ. ಪ್ರತಿ ಸಲ ಲಾರಿಗೆ ಕೊನೆಯಲ್ಲಿ ಹೇರಿದ ಕಪಾಟು ಮೊದಲು ಇಳಿಯಿತು, ಮೊದಲು ಇಳಿದದ್ದು ಒಳಕೋಣೆಯ ಮೂಲೆಗೆ ಹೋಯಿತು. ಅರ್ಜಿಗಳನ್ನು ಕಪಾಟಿನ ಮೇಲಿನ ಸೀಳಿನಿಂದ ಒಳಗೆ ಹಾಕುತ್ತಿದ್ದರು. ಹೊರಗೆ ತೆಗೆಯುವುದಕ್ಕೆ ಬೇರೆ ನಿಯಮವಿತ್ತು: ಒಳಗೆ ಯಾವ ಅರ್ಜಿ ಇದೆ ಎಂದು ಬರೆದುಕೊಡದೆ ಬೀಗ ತೆರೆಯುವಂತಿಲ್ಲ. ಬೀಗ ತೆರೆಯದೆ ಒಳಗೆ ಯಾವ ಅರ್ಜಿ ಇದೆ ಎಂದು ತಿಳಿಯುವ ದಾರಿ ಇರಲಿಲ್ಲ. ಹೀಗಾಗಿ ಕಡತಗಳು ಬಹಳ ಸುರಕ್ಷಿತವಾಗಿದ್ದವು.

ಲೋಕನಾಥನಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ೧೯೭೯ರಲ್ಲಿ, ರದ್ದಿ ಅಂಗಡಿಯಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಪುಸ್ತಕದಿಂದ. ಪುಸ್ತಕಕ್ಕೆ ಕೊನೆಯ ಮೂವತ್ತು ಪುಟ ಇರಲಿಲ್ಲ, ಲೋಕನಾಥನಿಗೆ ಕಂಪ್ಯೂಟರ್ ಇರಲಿಲ್ಲ. ಒಬ್ಬರ ಕೊರತೆಯನ್ನು ಒಬ್ಬರು ಸಹಿಸಿಕೊಂಡರು. ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲುಗಳಿಗೆ ನಂಬರು ಹಾಕಿ ನೋಟುಪುಸ್ತಕದಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ. ಬರೆದದ್ದು ಸರಿಯೋ ತಪ್ಪೋ ನೋಡಲು ತಾಯಿಯ ಚೆನ್ನೆಮಣೆ ಇತ್ತು. ಎರಡು ಸಾಲಿನಲ್ಲಿ ಏಳೇಳು ಗುಳಿ ಇರುವ ಮರದ ಮಣೆ. ಒಂದು ಗುಳಿಯ ಕೆಂಪು ಬೀಜಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವ ಆಟ. ಗುಳಿಯೇ ಕಂಪ್ಯೂಟರಿನ ನೆನಪು, ಬೀಜವೇ ಅಂಕೆ. ಅವನು ಸಾಲು ಓದುತ್ತಿದ್ದ, ಜಲಜಾಕ್ಷಿಯವರು ಬೀಜ ಹಾಕುತ್ತಿದ್ದರು. ಆದರೆ ಚೆನ್ನೆಮಣೆಯನ್ನು ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮಾತ್ರ ಹೊರಗೆ ತೆಗೆಯಬೇಕು, ಬೇರೆ ತಿಂಗಳು ಆಡಬಾರದು ಎಂಬುದು ಅವರ ಮನೆಯ ಕಟ್ಟು. ಆದ್ದರಿಂದ ಮಣ್ಣಗುಡ್ಡದ ಕಂಪ್ಯೂಟರ್ ವರ್ಷಕ್ಕೆ ಒಂದೇ ತಿಂಗಳು ಚಾಲೂ ಇರುತ್ತಿತ್ತು. ಉಳಿದ ಹನ್ನೊಂದು ತಿಂಗಳು ಅವನು ಜಗಲಿಯ ಮೇಜಿನಲ್ಲಿ ಕೂತು ಬರೆಯುತ್ತಿದ್ದ. ತಾಯಿ ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬರುವಾಗ, ನೋಟುಪುಸ್ತಕಕ್ಕೆ ನೀರು ಸಿಡಿಯದ ಹಾಗೆ ಕುರ್ಚಿಯನ್ನು ಸರಿಸಿ ದಾರಿ ಬಿಡುತ್ತಿದ್ದ. ತಾಯಿಯ ಮೇಲೆ ಅವನಿಗೆ ಬಹಳ ಪ್ರೀತಿ.

ನಿಜವಾದ ಯಂತ್ರ ಬಂದದ್ದು ಹಾಶಿಮನಿಂದ. ಅತ್ತಾವರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಹಾಶಿಂ ಅವನ ಶಾಲೆಯ ಗೆಳೆಯ. ಹಾಶಿಮನ ತಂಗಿ ಹಬೀಬಾಳ ಗಂಡ ಅಯ್ಯೂಬ್ ದುಬಾಯಿಯಲ್ಲಿ ಕೆಲಸಕ್ಕಿದ್ದ. ರಬ್ಬರಿನ ಗುಂಡಿಗಳಿರುವ ಒಂದು ಕಪ್ಪು ಪೆಟ್ಟಿಗೆಯನ್ನು ಅವನು ಊರಿಗೆ ಬರುವಾಗ ತಂದು, ಎಂತದ್ದೆಂದು ತನಗೂ ಗೊತ್ತಿಲ್ಲದೆ ಭಾವನಿಗೆ ಕೊಟ್ಟು ಹೋಗಿದ್ದ. ಅದು ಅಂಗಡಿಯ ಗಾಜಿನ ಕಪಾಟಿನಲ್ಲಿ ಇಸ್ತ್ರಿಪೆಟ್ಟಿಗೆಯ ಪಕ್ಕ ಕೂತಿತ್ತು. ಲೋಕನಾಥ ನೋಡಿದವನೇ ಗಾಜಿಗೆ ಹಣೆ ತಾಗಿಸಿ ನಿಂತುಬಿಟ್ಟ.

"ಎಂತ ಮಾರಾಯ, ದೆವ್ವ ನೋಡಿದ ಹಾಗೆ?" ಎಂದ ಹಾಶಿಂ.

"ಹಾಶಿಮಾ, ಇದು ಕಂಪ್ಯೂಟರ್ ಮಾರಾಯ!"

"ಹೌದಾ? ನಾನು ಅದರ ಮೇಲೆ ಸ್ಕ್ರೂ ಇಡ್ತಿದ್ದೆ."

ಅಂದಿನಿಂದ ಪ್ರತಿ ಆದಿತ್ಯವಾರ ಲೋಕನಾಥ ಆ ಅಂಗಡಿಯಲ್ಲಿ. ಯಂತ್ರವನ್ನು ಟಿವಿಗೆ ಜೋಡಿಸಿದರೆ ಅಕ್ಷರ ಕಾಣುತ್ತಿತ್ತು. ಸ್ವಿಚ್ಚು ಆರಿಸಿದರೆ ಬರೆದದ್ದೆಲ್ಲ ಹೋಗುತ್ತಿತ್ತು. ಅದನ್ನು ಉಳಿಸಲು ಟೇಪ್ ರೆಕಾರ್ಡರ್ ಜೋಡಿಸಬೇಕು. ಆಗ ಯಂತ್ರ ತನ್ನ ಪ್ರೋಗ್ರಾಮನ್ನು ಶಬ್ದ ಮಾಡಿ ಕ್ಯಾಸೆಟ್ಟಿಗೆ ಹೇಳುತ್ತಿತ್ತು, ಬೇಕಾದಾಗ ಮತ್ತೆ ಕೇಳಿಸಿಕೊಳ್ಳುತ್ತಿತ್ತು. ಹೊಸ ಕ್ಯಾಸೆಟ್ ಯಾಕೆಂದು ಹಾಶಿಂ ಒಂದು ಹಳೆಯದನ್ನು ಕೊಟ್ಟ. ಗಲ್ಫಿನಲ್ಲಿದ್ದವರು ಆಗ ಕಾಗದ ಬರೆಯುವ ಬದಲು ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದರು. ಇದು ಅಯ್ಯೂಬ್ ಹಬೀಬಾಳಿಗೆ ಕಳಿಸಿದ್ದು, ಅವಳು ಕೇಳಿ ಆಗಿತ್ತು.

ಮೂರು ವರ್ಷದಲ್ಲಿ ಲೋಕನಾಥ ಮಾಡಿದ ಪ್ರೋಗ್ರಾಮಿಗೆ ಮೂಲ ಚೆನ್ನೆಮಣೆಯೇ. ಹದಿನಾಲ್ಕು ಗುಳಿ, ಹದಿನಾಲ್ಕು ಕಪಾಟು. ಕಚೇರಿ ಜಾಗ ಬಿಟ್ಟಾಗಲೆಲ್ಲ ಬೀಜ ಹೇಗೆ ಸರಿಯಿತು ಎಂದು ಲೆಕ್ಕ ಹಾಕಿದರೆ ಆಯಿತಲ್ಲ! ಆವಕ ಪುಸ್ತಕದಿಂದ ಅರ್ಜಿಯ ತಾರೀಕು, ಮನೆಯ ದಿಕ್ಕು, ಲಾರಿಗೆ ಹೇರಿದ ಕ್ರಮ, ಎಲ್ಲವನ್ನೂ ಯಂತ್ರಕ್ಕೆ ಕೊಟ್ಟ. ೧೯೮೬ರ ಜೂನಿನಲ್ಲಿ ಒಂದು ಆದಿತ್ಯವಾರ ಮಧ್ಯಾಹ್ನ ಟಿವಿಯ ಮೇಲೆ ಉತ್ತರ ಮೂಡಿತು: ಜಲಜಾಕ್ಷಿ, ಮಣ್ಣಗುಡ್ಡ, ಕಪಾಟು ಒಂಬತ್ತು. ಹನ್ನೆರಡು ವರ್ಷದ ನಂತರ ತಾಯಿಯ ಹೆಸರಿನ ಎದುರು ಒಂದು ಅಂಕೆ ಬಂದಿತ್ತು.

ಉಪಕಚೇರಿಯ ಮುಖ್ಯಾಧಿಕಾರಿ ಚಿತ್ತರಂಜನ ಹೆಗ್ಡೆಯವರು. ಅವರ ಮೇಜಿನ ಮೇಲೆ ಆಗಲೇ ಮೇಲಿನ ಕಚೇರಿಯ ಸುತ್ತೋಲೆಯೊಂದು ಬಂದು ಕೂತಿತ್ತು. ಎಲ್ಲ ಉಪಕಚೇರಿಗಳೂ ಜುಲೈ ಹದಿನೈದರೊಳಗೆ, ಲಭ್ಯವಿರುವ ಉಪಕರಣಗಳಿಂದಲೇ, ಗಣಕೀಕರಣವನ್ನು ಪೂರ್ಣಗೊಳಿಸತಕ್ಕದ್ದು. ತಪ್ಪಿದಲ್ಲಿ ಕಾರಣ ಕೇಳಲಾಗುವುದು. ಹೆಗ್ಡೆಯವರಿಗೆ ಕಾರಣ ಬರೆಯುವುದಕ್ಕಿಂತ ಗಣಕೀಕರಣ ಸುಲಭವೆಂದು ಕಂಡಿತು. ಹದಿನಾಲ್ಕನೇ ತಾರೀಕು ಬೆಳಿಗ್ಗೆ ಲೋಕನಾಥನನ್ನು ಕರೆಸಿದರು.

"ಆಳ್ವರೆ, ನೀವು ಎಂತದೋ ಪ್ರೋಗ್ರಾಮ್ ಮಾಡಿದ್ದೀರಿ ಅಂತ ಸುದ್ದಿ. ಎಲ್ಲಿ ಉಂಟು ಅದು?"

"ಈ ಕ್ಯಾಸೆಟ್ಟಿನಲ್ಲಿ ಉಂಟು ಸರ್."

"ಪೂರ್ತಿ ಉಂಟಾ?"

"ಪೂರ್ತಿ ಉಂಟು. ಆದ್ರೆ ಸರ್, ಅದಕ್ಕೆ ಯಂತ್ರ ಬೇಕು, ಟಿವಿ ಬೇಕು."

"ಟಿವಿ ಮನರಂಜನೆಯ ವಸ್ತು, ಕಚೇರಿಯೊಳಗೆ ತರುವ ಹಾಗಿಲ್ಲ. ಯಂತ್ರ ಫಾರಿನ್ನಿನದ್ದು, ಅದಕ್ಕೆ ಪರ್ಮಿಶನ್ ಬರುವಾಗ ನಾನು ರಿಟೈರ್ ಆಗಿರ್ತೇನೆ. ಟೇಪ್ ರೆಕಾರ್ಡರ್ ನಮ್ಮ ಸ್ಟಾಕ್ ಪುಸ್ತಕದಲ್ಲಿ ಉಂಟು. ಹಾಕಿ."

"ಸರ್, ಅದು ಮನುಷ್ಯರು ಕೇಳುವಂಥದ್ದಲ್ಲ."

"ನಾವು ಮೂವತ್ತು ವರ್ಷದಿಂದ ಎಷ್ಟು ಕೇಳಿದ್ದೇವೆ ಆಳ್ವರೆ. ಹಾಕಿ ನೀವು."

ಸಿಬ್ಬಂದಿಯೆಲ್ಲ ಬಂದು ನಿಂತರು. ಹನ್ನೊಂದು ಗಂಟೆಗೆ ಕ್ಯಾಸೆಟ್ ತಿರುಗಿತು. ಮೊದಲು ಒಂದೇ ಸ್ವರದಲ್ಲಿ ಉದ್ದದ ಸೀಟಿ. ಆಮೇಲೆ ಕಾದ ಎಣ್ಣೆಗೆ ಒದ್ದೆ ಮೀನು ಬಿಟ್ಟ ಹಾಗೆ ಕರಕರ ಚರಚರ. ಹೆಗ್ಡೆಯವರು ಕೈಕಟ್ಟಿ, ಕಣ್ಣು ಮುಚ್ಚಿ, ಪೂರ್ತಿ ಏಳು ನಿಮಿಷ ಕೇಳಿದರು. ಅವರು ಕದಲಲಿಲ್ಲವಾದ್ದರಿಂದ ಬೇರೆ ಯಾರೂ ಕದಲಲಿಲ್ಲ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಶಬ್ದ ನಿಂತಿತು.

"ಆಯ್ತಾ?" ಎಂದರು ಹೆಗ್ಡೆಯವರು. "ಬರೆದುಕೊಳ್ಳಿ: ಗಣಕೀಕರಣ ಪೂರ್ಣಗೊಂಡಿದೆ."

ಲೋಕನಾಥ ಬಾಯಿ ತೆರೆಯುವಷ್ಟರಲ್ಲಿ ಟೇಪಿನಿಂದ ಒಂದು ಕೆಮ್ಮು ಕೇಳಿಸಿತು. ನಂತರ ಗಂಡಸಿನ ಧ್ವನಿಯೊಂದು ಮೆಲ್ಲಗೆ, ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ, ಮಾತನಾಡತೊಡಗಿತು. ಪ್ರೋಗ್ರಾಮ್ ಮುಗಿದ ಜಾಗದಿಂದ ಅಯ್ಯೂಬನ ಹಳೆಯ ಕಾಗದ ಹಾಗೇ ಉಳಿದಿತ್ತು.

ಹೆಗ್ಡೆಯವರ ಮುಖದಲ್ಲಿ ಭಕ್ತಿಯ ಹಾಗಿನದ್ದೊಂದು ಮೂಡಿತು. "ಉತ್ತರ ಕೊಡ್ತಾ ಉಂಟು," ಎಂದು ಪಿಸುಗುಟ್ಟಿದರು. ಬೆರಳಚ್ಚುಗಾರ್ತಿ ಮುಮ್ತಾಝಳನ್ನು ಹತ್ತಿರ ಕರೆದರು. "ಎಂತ ಹೇಳ್ತದೆ?"

"ಸರ್, ಇದು ಕಾಗದ," ಎಂದಳು ಮುಮ್ತಾಝ್. "ಯಾರೋ ಗಲ್ಫಿನಿಂದ ಹೆಂಡತಿಗೆ ಕಳಿಸಿದ್ದು."

"ಕಾಗದವಾದರೆ ಆವಕ ಪುಸ್ತಕದಲ್ಲಿ ನಂಬರು ಹಾಕಿ. ಅನುವಾದ ಮಾಡಿ ಮೂರು ಪ್ರತಿ ಟೈಪ್ ಮಾಡಿ."

ಮುಮ್ತಾಝ್ ಎಂಟು ವರ್ಷದಿಂದ ಸರಕಾರಿ ಕನ್ನಡ ಟೈಪ್ ಮಾಡಿದವಳು. ಅವಳ ಬೆರಳಿಗೆ ಬೇರೆ ಕನ್ನಡ ಬರುತ್ತಿರಲಿಲ್ಲ. ಸಂಜೆಯೊಳಗೆ ಸೂಚನಾ ಫಲಕದ ಮೇಲೆ ಈ ಪ್ರಕಟಣೆ ಬಂತು:

"ಗಣಕಯಂತ್ರದ ಆದೇಶ. ೧. ನೀರಿನ ವಿಷಯವು ಗಮನಕ್ಕೆ ಬಂದಿರುತ್ತದೆ. ೨. ಅವಸರಪಡತಕ್ಕದ್ದಲ್ಲ; ಖುದ್ದಾಗಿ ಬಂದ ಮೇಲೆ ನೋಡಲಾಗುವುದು. ೩. ಅಲ್ಲಿಯವರೆಗೆ ಪಕ್ಕದ ಮನೆಯ ಬಾವಿಯಿಂದ ನೀರನ್ನು ಪಡೆಯತಕ್ಕದ್ದು. ೪. ಮಾತೃಶ್ರೀಯವರಿಗೆ ಸೊಂಟನೋವು ಇರುವುದರಿಂದ ಅವರು ಕೊಡಪಾನವನ್ನು ಎತ್ತತಕ್ಕದ್ದಲ್ಲ. ಸದರಿ ಕೊಡಪಾನವನ್ನು ಮನೆಯಲ್ಲಿರುವ ಗಂಡಸು ಎತ್ತತಕ್ಕದ್ದು. ೫. ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡತಕ್ಕದ್ದು. ೬. ಇಲ್ಲಿ ಸೆಕೆ ವಿಪರೀತವಾಗಿರುತ್ತದೆ."

ನಡುವೆ ಇದ್ದ ಒಂದು ವಾಕ್ಯವನ್ನು ಮುಮ್ತಾಝ್ ಅನುವಾದಿಸಲಿಲ್ಲ. ಕೇಳಿದ್ದಕ್ಕೆ, ಅದು ಇಲಾಖೆಗೆ ಸಂಬಂಧಿಸಿದ್ದಲ್ಲ ಎಂದಳು. ಆರನೇ ಅಂಶದ ಮೇಲೆ ಕೂಡಲೇ ಕ್ರಮ ಕೈಗೊಂಡು ಟೇಪ್ ರೆಕಾರ್ಡರಿನ ನೆತ್ತಿಯ ಮೇಲೆ ಒಂದು ಫ್ಯಾನು ಹಾಕಿಸಲಾಯಿತು.

ಲೋಕನಾಥ ಮರುದಿನ ಹೆಗ್ಡೆಯವರ ಎದುರು ನಿಂತ. "ಸರ್, ನನ್ನ ಪ್ರೋಗ್ರಾಮಿನ ಉತ್ತರ ಅದಲ್ಲ. ನಮ್ಮ ಅಮ್ಮನ ಅರ್ಜಿ ಒಂಬತ್ತನೇ ಕಪಾಟಿನಲ್ಲಿ ಉಂಟು ಅಂತ ಟಿವಿಯಲ್ಲಿ ಬಂದಿದೆ. ಒಮ್ಮೆ ಬೀಗ ತೆಗೆಸಿ."

"ಕ್ಯಾಸೆಟ್ಟಿನಲ್ಲಿ ಒಂಬತ್ತು ಅಂತ ಎಲ್ಲಿಯಾದರೂ ಹೇಳಿದ್ದುಂಟಾ?"

"ಹೇಳುವುದು ಆ ಚರಚರ ಸರ್. ಆ ಏಳು ನಿಮಿಷ."

"ಅದನ್ನು ಅನುವಾದ ಮಾಡ್ಲಿಕ್ಕೆ ಯಾರಿದ್ದಾರೆ?"

ಯಾರೂ ಇರಲಿಲ್ಲ. ಹೆಗ್ಡೆಯವರು ಕೆಟ್ಟವರಲ್ಲ, ಅವನ ಮುಖ ನೋಡಿ ಅವರಿಗೂ ಪಾಪ ಅನ್ನಿಸಿತು. "ನೋಡಿ ಆಳ್ವರೆ, ಕಂಪ್ಯೂಟರ್ ಮಾಡಿದವರು ನೀವು. ಅದು ಹೇಳಿದ್ದನ್ನು ನೀವೇ ನಂಬದಿದ್ದರೆ ಜನ ಎಂತ ಹೇಳ್ಲಿಕ್ಕಿಲ್ಲ?" ಎಂದು ಕುರ್ಚಿ ತೋರಿಸಿ ಚಹಾ ತರಿಸಿದರು.

ಮುಂದಿನ ವಾರದಿಂದ ಅರ್ಜಿ ಶ್ರವಣ ಆರಂಭವಾಯಿತು. ಅರ್ಜಿದಾರರು ಹತ್ತು ಗಂಟೆಗೆ ಬಂದು, ಚೀಟಿ ತೆಗೆದುಕೊಂಡು, ಹಜಾರದಲ್ಲಿ ನಿಂತು ಕ್ಯಾಸೆಟ್ ಕೇಳತಕ್ಕದ್ದು. ಚರಚರ ನಡೆಯುವಾಗ ಕೆಮ್ಮತಕ್ಕದ್ದಲ್ಲ. ಮೂರನೇ ನಿಮಿಷದಲ್ಲಿ ತಮ್ಮ ಹೆಸರು ಸ್ಪಷ್ಟವಾಗಿ ಬಂತೆಂದು ಒಬ್ಬ ನಿವೃತ್ತ ಮಾಸ್ತರರು ಲಿಖಿತ ಹೇಳಿಕೆ ಕೊಟ್ಟರು. ಮಾಸ್ತರರ ಹೆಸರು ದೊಡ್ಡದಾಗಿ, ತಮ್ಮದು ಸಣ್ಣದಾಗಿ ಕೇಳಿಸುತ್ತದೆ, ಇದರಲ್ಲಿ ವಶೀಲಿ ನಡೆದಿದೆ ಎಂದು ಅವರ ನೆರೆಯವರು ತಕರಾರು ಹಾಕಿದರು. ತನಿಖೆ ನಡೆಸಿ, ನೆರೆಯವರನ್ನು ಟೇಪ್ ರೆಕಾರ್ಡರಿನ ಹತ್ತಿರ ನಿಲ್ಲಿಸಲಾಯಿತು. ತಕರಾರು ಇತ್ಯರ್ಥವಾಯಿತು. ಬೇರೆ ಉಪಕಚೇರಿಗಳೂ ಗಣಕೀಕೃತಗೊಳ್ಳಬೇಕಲ್ಲ, ಹನ್ನೊಂದು ಪ್ರತಿ ಮಾಡಿಕೊಡಲು ಹಾಶಿಮನಿಗೆ ಆದೇಶ ಹೋಯಿತು.

"ಇದು ನನ್ನ ತಂಗಿಯ ಸಂಸಾರದ ಮಾತು ಮಾರಾಯ," ಎಂದು ಹಾಶಿಂ ಲೋಕನಾಥನ ಹತ್ತಿರ ಗೋಗರೆದ. "ಮುಲ್ಕಿ, ಬಂಟ್ವಾಳ, ಎಲ್ಲ ಕಡೆ ಕೇಳಿಸುವುದಾ?"

"ನಾನು ಹೇಳಿದೆ ಹಾಶಿಮಾ. ಕೇಳುವುದಿಲ್ಲ."

"ಏಳು ನಿಮಿಷ ನಿಂತು ಕೇಳ್ತಾರೆ, ನೀನು ಹೇಳಿದ್ದು ಕೇಳುವುದಿಲ್ಲವಾ?"

ವಿಚಿತ್ರವೆಂದರೆ ಜನ ಸಂತೋಷವಾಗಿದ್ದರು. ಮೊದಲೂ ಕಚೇರಿ ಹೇಳುತ್ತಿದ್ದದ್ದು ಅದನ್ನೇ: ಗಮನದಲ್ಲಿದೆ, ಅವಸರ ಬೇಡ, ನೋಡುವ. ಆದರೆ ಇಷ್ಟು ಮೃದುವಾಗಿ ಯಾರೂ ಹೇಳಿರಲಿಲ್ಲ, ಊಟ ಮಾಡಿ ಎಂದಂತೂ ಹೇಳಿರಲೇ ಇಲ್ಲ. ಭಾಷೆ ಬಲ್ಲ ಹೆಂಗಸರು, ಮುಮ್ತಾಝ್ ಬಿಟ್ಟ ಆ ಒಂದು ವಾಕ್ಯ ಬಂದಾಗ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸುತ್ತಿದ್ದರು. ಆಗಸ್ಟಿನಲ್ಲಿ ಜಲಜಾಕ್ಷಿಯವರ ಸರದಿ ಬಂತು. ಚರಚರ ಕೇಳಿದರು, ಅಯ್ಯೂಬನನ್ನು ಕೇಳಿದರು, ಫಲಕದ ಮೇಲಿನ ಅನುವಾದವನ್ನು ಬೆರಳಿಟ್ಟು ಎರಡು ಸಲ ಓದಿದರು.

"ಸೊಂಟನೋವು ಉಂಟು ಅಂತ ಅದಕ್ಕೆ ಹೇಗೆ ಗೊತ್ತಾಯ್ತು ಮಗ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. "ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ನಿನ್ನ ಹತ್ತಿರ ಸಹ."

ಅದು ಹಬೀಬಾಳ ಅತ್ತೆಯ ಸೊಂಟ ಎಂದು ಹೇಳಲು ಹೊರಟ ಲೋಕನಾಥ ಅದನ್ನು ಬಿಟ್ಟು, ತಾಯಿಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಡಿಸೆಂಬರಿನಲ್ಲಿ ಅಯ್ಯೂಬ್ ನಲವತ್ತೈದು ದಿನದ ರಜೆಯಲ್ಲಿ ಊರಿಗೆ ಬಂದ. ಹೆಂಡತಿ ನಾಚಿಕೆಯಿಂದ ಹೊರಗೆ ಕಾಲಿಡುತ್ತಿಲ್ಲವೆಂದು ಹಾಶಿಂ ಹೇಳಿದಾಗ, ಕ್ಯಾಸೆಟ್ ವಾಪಸು ಕೇಳಲು ಭಾವನ ಜೊತೆ ಉಪಕಚೇರಿಗೆ ಹೋದ. ಆಗ ಶ್ರವಣ ನಡೆಯುತ್ತಿತ್ತು.

"ಸರ್, ಇದು ನಾನು," ಎಂದ ಅಯ್ಯೂಬ್. "ನಾನು ನನ್ನ ಹೆಂಡತಿಗೆ ಹೇಳಿದ್ದು. ಅದನ್ನು ಕೊಡಿ."

"ಸರಕಾರದ ಧ್ವನಿಯನ್ನು ಸ್ವಂತದ್ದು ಅಂತ ಹೇಳುವುದು ಅಪರಾಧ," ಎಂದು ಹೆಗ್ಡೆಯವರು ಆರಂಭಿಸಿದರು. ಆದರೆ ಸಾಲಿನಲ್ಲಿದ್ದವರು ಅಷ್ಟರಲ್ಲಿ ಗುರುತು ಹಿಡಿದಿದ್ದರು. ಅದೇ ಧ್ವನಿ, ಅದೇ ಕೆಮ್ಮು! "ಬಂದ ಮೇಲೆ ನೋಡುವ ಅಂತ ಹೇಳಿದ್ದಲ್ವಾ, ಬಂದ್ರಲ್ಲ ಮಾರಾಯ್ರೆ!" ಎಂದು ನಿವೃತ್ತ ಮಾಸ್ತರರು ಕೂಗಿದರು. ಎಲ್ಲರೂ ಅಯ್ಯೂಬನನ್ನು ಸುತ್ತಿಕೊಂಡರು. ಹೆಗ್ಡೆಯವರು ಎದ್ದು ಅಂಗಿಯ ಗುಂಡಿ ಹಾಕಿಕೊಂಡು, ಆದೇಶದ ಎರಡನೇ ಅಂಶವನ್ನು ಮತ್ತೊಮ್ಮೆ ಓದಿದರು. ಖುದ್ದಾಗಿ ಬಂದ ಮೇಲೆ ನೋಡಲಾಗುವುದು. ಅವರು ನಿಯಮ ಮೀರುವವರಲ್ಲ. ಅಯ್ಯೂಬನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಹದಿನಾಲ್ಕು ಕಪಾಟುಗಳ ಎದುರು ನಿಲ್ಲಿಸಿದರು.

"ನೋಡಿ," ಎಂದರು.

ಅಯ್ಯೂಬ್ ಸಭ್ಯಸ್ಥ. ಎಡದಿಂದ ಬಲಕ್ಕೆ ನೋಡಿದ. ಲೋಕನಾಥ ಅವನ ಕಿವಿಯ ಹತ್ತಿರ, "ಒಂಬತ್ತನೆಯದ್ದು ತೆರೆಯಲಿಕ್ಕೆ ಹೇಳಿ ಅಯ್ಯೂಬಣ್ಣ, ದಮ್ಮಯ್ಯ," ಎಂದ.

"ಆ ಒಂಬತ್ತನೆಯದ್ದು ಒಮ್ಮೆ ತೆರೆದರೆ ಆಗ್ತದಾ?" ಎಂದು ಕೇಳಿದ ಅಯ್ಯೂಬ್.

"ಆ ಅಂಶ ತಮ್ಮ ಆದೇಶದಲ್ಲಿ ಇಲ್ಲ," ಎಂದರು ಹೆಗ್ಡೆಯವರು ವಿನಯದಿಂದ. "ನೋಡಲಾಗುವುದು ಅಂತ ಮಾತ್ರ ಉಂಟು. ನೋಡಿ ಆಯ್ತಲ್ಲ?"

"ನೋಡಿ ಆಯ್ತು."

ಅಂದು ಸಂಜೆ, ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಅರ್ಜಿಗಳನ್ನೂ ನೋಡಲಾಗಿದೆ ಎಂದು ಷರಾ ಬರೆದು ವಿಲೇವಾರಿ ಮಾಡಲಾಯಿತು. ಉಪಕಚೇರಿ ಶುರುವಾದ ಹದಿನಾಲ್ಕು ವರ್ಷದಲ್ಲಿ ಅಲ್ಲಿ ಒಂದೂ ಅರ್ಜಿ ಬಾಕಿ ಇಲ್ಲದ ಮೊದಲ ದಿನ ಅದು. ಕಪಾಟುಗಳಿಗೆ ಅರಗಿನ ಮೊಹರು ಬಿತ್ತು. ಅಯ್ಯೂಬನಿಗೆ ಕ್ಯಾಸೆಟ್ ಸಿಗಲಿಲ್ಲ. ಬದಲಿಗೆ ಒಂದು ಹಾರ, ಒಂದು ಸೀಯಾಳ ಮತ್ತು ರಜೆ ಮುಗಿಯುವ ಮೊದಲು ಹೊಸ ಕ್ಯಾಸೆಟ್ ತುಂಬಿಸಿ ಕೊಡಬೇಕೆಂಬ ವಿನಂತಿ ಪತ್ರ ಸಿಕ್ಕಿತು. ಅವನು ತುಂಬಿಸಿ ಕೊಟ್ಟ. ಅದರಲ್ಲಿ ಬರಿ ಊಟದ ವಿಷಯ ಇತ್ತು.

ಮೊಹರು ಬಿದ್ದ ದಿನ ಲೋಕನಾಥ ಮನೆಗೆ ಬಂದು ಜಗಲಿಯಲ್ಲಿ ಕೂತು ಅತ್ತ. ಮೂರು ವರ್ಷದ ಆದಿತ್ಯವಾರಗಳು, ಸಾವಿರಕ್ಕೂ ಹೆಚ್ಚು ಸಾಲುಗಳು, ತಾಯಿಯ ಹೆಸರಿನ ಎದುರಿನ ಆ ಒಂದು ಅಂಕೆ. ಅಷ್ಟರಲ್ಲಿ ಜಲಜಾಕ್ಷಿಯವರು ಕೊಡಪಾನ ಎತ್ತಿಕೊಂಡು ಹೊರಟರು. ಅಭ್ಯಾಸಬಲದಿಂದ ಅವನು ಕುರ್ಚಿ ಸರಿಸಿದ. ಸರಿಸಿದವನು ಹಾಗೇ ಎದ್ದು ನಿಂತ. ಆ ಬೆಳಿಗ್ಗೆ ಹೆಗ್ಡೆಯವರು ಸಿಬ್ಬಂದಿಗೆಲ್ಲ ಒಂದೊಂದು ನಮೂನೆ ಹಂಚಿದ್ದರು: ಗಣಕಯಂತ್ರದ ಆದೇಶವನ್ನು ತಮ್ಮ ಮನೆಯಲ್ಲಿ ಪಾಲಿಸಲಾಗುತ್ತಿದೆಯೇ, ಅಂಶವಾರು ಉತ್ತರಿಸತಕ್ಕದ್ದು. ನಾಲ್ಕನೇ ಅಂಶದ ಎದುರು ಅವನ ನಮೂನೆ ಖಾಲಿ ಇತ್ತು.

"ಅಮ್ಮ, ಇಲ್ಲಿ ಕೊಡಿ," ಎಂದ.

"ಎಂತಕ್ಕೆ?"

"ಆದೇಶ ಉಂಟು."

ಓಣಿ ದಾಟಿ ಹದಿನೇಳು ಮೆಟ್ಟಿಲು ಇಳಿದ. ಡಾಲಿ ಬಾಯಿ ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದವರು ಅವನನ್ನು ನೋಡಿ ದಂಗಾದರು. ಅವನು ಹಗ್ಗ ಇಳಿಸಿದ್ದು, ಎಳೆದದ್ದು, ಅರ್ಧ ನೀರು ತನ್ನ ಮೇಲೇ ಚೆಲ್ಲಿಕೊಂಡದ್ದು, ಎಲ್ಲ ನೋಡಿದರು.

"ಜಲಜಕ್ಕನಿಗೆ ಹುಷಾರಿಲ್ವಾ ಲೋಕು?"

"ಹುಷಾರಿದ್ದಾರೆ ಬಾಯಿ. ಕಂಪ್ಯೂಟರ್ ಹೇಳಿದೆ, ಮನೆಯ ಗಂಡಸು ಎತ್ತಬೇಕಂತೆ."

ಡಾಲಿ ಬಾಯಿ ಬಟ್ಟೆ ಕೆಳಗಿಟ್ಟರು. "ಹನ್ನೆರಡು ವರ್ಷದಿಂದ ನಾನು ಇಲ್ಲಿಂದಲೇ ಹೇಳ್ತಿದ್ದೆ ಮಾರಾಯ," ಎಂದರು. "ನಾನು ಯಾವ ಕ್ಯಾಸೆಟ್ಟಿನಲ್ಲಿ ಹೇಳಬೇಕಿತ್ತು?"

ಲೋಕನಾಥ ಕೊಡಪಾನ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಅಂದಿನಿಂದ ಬೆಳಿಗ್ಗೆ ಎರಡು, ಸಂಜೆ ಎರಡು ಕೊಡಪಾನ ಅವನೇ ತರುತ್ತಾನೆ. ಜಲಜಾಕ್ಷಿಯವರಿಗೆ ಕೈಗೆ ಕೆಲಸವಿಲ್ಲದಂತಾಗಿ, ಆಟಿ ಅಲ್ಲದ ತಿಂಗಳಲ್ಲೂ ಚೆನ್ನೆಮಣೆ ಹೊರಗೆ ಬಂದಿದೆ. ಕಂಪ್ಯೂಟರ್ ಬಂದ ಮೇಲೆ ಹಳೆಯ ಕಟ್ಟುಗಳು ಸಡಿಲವಾಗುವುದು ಸಹಜವೇ ಎಂದು ಅವರು ಸಮಾಧಾನ ಮಾಡಿಕೊಂಡಿದ್ದಾರೆ. ಲೋಕನಾಥನ ನಮೂನೆಯನ್ನು ಹೆಗ್ಡೆಯವರು ಎರಡು ಸಲ ಓದಿ, ಸಂತೋಷಪಟ್ಟು, ವಾರ್ಷಿಕ ವರದಿಯ ಐದನೇ ಪುಟದಲ್ಲಿ ಸೇರಿಸಿದರು: ಗಣಕೀಕರಣದ ಫಲವಾಗಿ ಇದುವರೆಗೆ ಮಣ್ಣಗುಡ್ಡದ ಒಂದು ಮನೆಗೆ ನೀರು ತಲುಪಿರುತ್ತದೆ. ಮೇಲಿನ ಕಚೇರಿಯಿಂದ ಒಬ್ಬರು ಬಂದು ಪರಿಶೀಲಿಸಿದರು. ಅಡಿಗೆಮನೆಯಲ್ಲಿ ನೀರು ಇತ್ತು, ಜಲಜಾಕ್ಷಿಯವರು ಸಹಿ ಹಾಕಿಕೊಟ್ಟರು.